ಯೋಹಾನ್ ಗೆರ್ಹಾರ್ಡ್ ಕೋನಿಗ್

ಯೋಹಾನ್ ಗೆರ್ಹಾರ್ಡ್ ಕೋನಿಗ್ (29 ನವೆಂಬರ್ 1728 – 26 ಜೂನ್ 1785) ದಕ್ಷಿಣ ಭಾರತದಲ್ಲಿ ಸೇವೆ ಸಲ್ಲಿಸಿದ ವೈದ್ಯರು ಹಾಗೂ ಸಸ್ಯವಿಜ್ಞಾನಿ. ಐಸ್‌ಲೆಂಡಿನ ಒದ್ದೆ ಮರಳಿನಲ್ಲಿ ಬೆಳೆಯುವ ಕಿರುಸಸ್ಯ ಕೋನಿಗಿಯಾ ಮತ್ತು ಕನ್ನಡನಾಡಿನ ಮನೆಮನೆಗಳಲ್ಲಿ ಬಳಕೆಯಲ್ಲಿರುವ ಕರಿಬೇವು, ಇವೆರಡರ ವೈಜ್ಞಾನಿಕ ಹೆಸರುಗಳಲ್ಲೂ ಅವರ ನೆನಪು ಉಳಿದಿದೆ.

ಆರಂಭಿಕ ಜೀವನ

ಕೋನಿಗ್ ಅವರು ಇಂದಿನ ಲಾಟ್ವಿಯಾ ದೇಶಕ್ಕೆ ಸೇರಿದ ಪ್ರದೇಶದಲ್ಲಿ ಜನಿಸಿದರು. ಸ್ವೀಡನ್ನಿನ ಪ್ರಸಿದ್ಧ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ಅವರ ಶಿಷ್ಯರಾಗಿ ಅಧ್ಯಯನ ನಡೆಸಿ, ಬಳಿಕ ಡೆನ್ಮಾರ್ಕಿನಲ್ಲಿ ನೆಲೆಸಿದರು.

ಐಸ್‌ಲೆಂಡ್ ಪ್ರವಾಸ

1764-65ರಲ್ಲಿ ಕೋನಿಗ್ ಐಸ್‌ಲೆಂಡಿನಲ್ಲಿ ಸಸ್ಯಗಳನ್ನು ಸಂಗ್ರಹಿಸಿದರು. ಅಲ್ಲಿ ದೊರೆತ ಒಂದು ಕಿರುಸಸ್ಯಕ್ಕೆ ಲಿನೇಯಸ್ 1767ರಲ್ಲಿ ಶಿಷ್ಯನ ಗೌರವಾರ್ಥ ಕೋನಿಗಿಯಾ ಐಲಾಂಡಿಕಾ ಎಂದು ಹೆಸರಿಟ್ಟರು. ಕೆಲವೇ ಸೆಂಟಿಮೀಟರ್ ಎತ್ತರದ ಈ ಸಸ್ಯವು ನೀರಿನಂಚಿನ ಮರಳು, ಜಲ್ಲಿ ಹಾಗೂ ಕೆಸರಿನ ನೆಲದಲ್ಲಿ ಬೆಳೆಯುತ್ತದೆ. ಹೂವುಗಳು ಅತಿ ಸೂಕ್ಷ್ಮವಾಗಿದ್ದು, ಸಾಮಾನ್ಯವಾಗಿ ಮೂರು ದಳಗಳನ್ನೂ ಮೂರು ಕೇಸರಗಳನ್ನೂ ಹೊಂದಿರುತ್ತವೆ. ಶೀತವಲಯದ ಬಹುತೇಕ ಸಸ್ಯಗಳು ಬಹುವಾರ್ಷಿಕಗಳಾಗಿದ್ದರೆ, ಇದು ಮೊಳೆತು, ಹೂಬಿಟ್ಟು, ಬೀಜ ಕಟ್ಟುವ ಕಾರ್ಯವನ್ನೆಲ್ಲ ಒಂದೇ ಕಿರುಬೇಸಿಗೆಯಲ್ಲಿ ಮುಗಿಸುತ್ತದೆ. ಹಿಮಾಲಯದ ಎತ್ತರದ ಪ್ರದೇಶಗಳಲ್ಲಿಯೂ ಈ ಸಸ್ಯವಿದೆ.

ಭಾರತದಲ್ಲಿ

1760ರ ದಶಕದ ಕೊನೆಯಲ್ಲಿ ಕೋನಿಗ್ ಅವರು ತಮಿಳುನಾಡಿನ ಕರಾವಳಿಯಲ್ಲಿ ಡೇನರ ವಸಾಹತಾಗಿದ್ದ ತರಂಗಂಬಾಡಿಗೆ ವೈದ್ಯರಾಗಿ ಬಂದರು. ಇಲ್ಲಿಂದ ಲಿನೇಯಸ್ ಅವರೊಡನೆ ಪತ್ರವ್ಯವಹಾರ ನಡೆಸಿದರು. 1771ರಲ್ಲಿ ಲಿನೇಯಸ್ ಕರಿಬೇವಿಗೆ ಬರ್ಗೆರಾ ಕೋನಿಗೀ ಎಂದು ನಾಮಕರಣ ಮಾಡಿದರು. ಮುಂದೆ ಈ ಮರವು ಮುರ್ರಾಯ ಕೋನಿಗೀ ಎಂಬ ಹೆಸರಿನಿಂದ ಹೆಚ್ಚು ಪ್ರಸಿದ್ಧವಾಯಿತು.

ಡೇನರು ನೀಡುತ್ತಿದ್ದ ವೇತನವು ದೀರ್ಘ ಸಂಶೋಧನಾ ಪ್ರವಾಸಗಳಿಗೆ ಸಾಲದ ಕಾರಣ, 1774ರಲ್ಲಿ ಅವರು ಆರ್ಕಾಟಿನ ನವಾಬರ ಆಶ್ರಯಕ್ಕೆ ಸೇರಿದರು. 1778ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ನಿಯುಕ್ತರಾಗಿ, ಸಯಾಮ್ ಮತ್ತು ಮಲಕ್ಕಾಗಳಿಗೆ ಪ್ರವಾಸ ಕೈಗೊಂಡರು. ತಂಜಾವೂರು ಪ್ರದೇಶದ ಗೆದ್ದಲುಗಳನ್ನು ಕುರಿತ ಅವರ ಲೇಖನವು 1779ರಲ್ಲಿ ಪ್ರಕಟವಾಯಿತು.

ನಿಧನ ಮತ್ತು ಸ್ಮರಣೆ

1785ರಲ್ಲಿ ಕಾಕಿನಾಡದ ಬಳಿಯ ಜಗನ್ನಾಥಪುರದಲ್ಲಿ ಕೋನಿಗ್ ನಿಧನರಾದರು. ಕೊನೆಯ ದಿನಗಳಲ್ಲಿ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಅವರ ಶುಶ್ರೂಷೆ ಮಾಡಿದರು. ಹಸ್ತಪ್ರತಿಗಳು ಅವರ ಇಚ್ಛೆಯಂತೆ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್ ಅವರಿಗೆ ಸಂದವು. ತಮ್ಮ ಶೋಧನೆಗಳಲ್ಲಿ ಸ್ವಲ್ಪವನ್ನು ಮಾತ್ರ ಅವರು ಸ್ವತಃ ಪ್ರಕಟಿಸಿದ್ದರು. ಸಸ್ಯಗಳನ್ನು ಕುರಿತ ಅವರ ಕೆಲವು ವಿವರಣೆಗಳು ನಿಧನಾನಂತರ ಆಂಡರ್ಸ್ ಯಾಹನ್ ರೆಟ್ಸಿಯಸ್ ಅವರ ಗ್ರಂಥದ ಮೂಲಕ ಬೆಳಕು ಕಂಡವು. ಆದ್ದರಿಂದ ಗ್ರಂಥಗಳಿಗಿಂತ ಸಸ್ಯಗಳ ಹೆಸರುಗಳೇ ಅವರ ಮುಖ್ಯ ಸ್ಮಾರಕಗಳಾಗಿ ಉಳಿದಿವೆ.