ಕಾಡು ಕಡಿದವರ ಕಥೆಯನ್ನು ಬರೆದವಳು

ಹತ್ತೊಂಬತ್ತನೆಯ ಶತಮಾನದ ಕೆನಡಾದಲ್ಲಿ ಕಾಡು ಕಡಿದು ನೆಲೆಯೂರಿದ ವಲಸಿಗರ ಬಾಳನ್ನು ಕಾವ್ಯವಾಗಿಸಿದವರಲ್ಲಿ ಇಸಬೆಲ್ಲಾ ವ್ಯಾಲೆನ್ಸಿ ಕ್ರಾಫರ್ಡ್ ಪ್ರಮುಖಳು. ಆಕೆಯ ‘ಮಾಲ್ಕಮ್ಸ್ ಕೇಟಿ’ ಎಂಬ ಕಥನಕವನದ ನಾಯಕ ಬರಿಗೈಯಲ್ಲಿ ಅರಣ್ಯವನ್ನು ಹೊಕ್ಕು, ಕೊಡಲಿಯೊಂದರ ಬಲದಿಂದ ಹೊಲ, ಮನೆ, ಸಂಸಾರಗಳನ್ನು ಸಂಪಾದಿಸುತ್ತಾನೆ. ಅದನ್ನು ಬರೆದವಳಿಗಾದರೋ ಸ್ವಂತದ್ದೆನ್ನುವ ಗೇಣು ನೆಲವೂ ಇರಲಿಲ್ಲ. ಆಕೆಯ ಬಾಳನ್ನು ಓದಿದವರಿಗೆ ಆ ಕಾವ್ಯ ಬೇರೆಯೇ ಆಗಿ ಕಾಣುತ್ತದೆ.

ಇಸಬೆಲ್ಲಾ ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಜನ್ಮದಿನವನ್ನು ಸಾಮಾನ್ಯವಾಗಿ 1850ರ ಡಿಸೆಂಬರ್ 25 ಎಂದು ನಮೂದಿಸುತ್ತಾರೆ. ತಂದೆ ಸ್ಟೀಫನ್ ಡೆನ್ನಿಸ್ ಕ್ರಾಫರ್ಡ್ ವೈದ್ಯ. ತಾಯಿ ಸಿಡ್ನಿ ಸ್ಕಾಟ್. ಅದು ಆಲೂಗೆಡ್ಡೆಯ ರೋಗದಿಂದ ಹುಟ್ಟಿದ ಮಹಾಕ್ಷಾಮ ಐರ್ಲೆಂಡನ್ನು ಬರಿದುಮಾಡಿದ ಕಾಲ. 1847ರ ಒಂದೇ ವರ್ಷದಲ್ಲಿ ಸುಮಾರು ಒಂದು ಲಕ್ಷ ಜನ ಹಡಗುಗಳಲ್ಲಿ ಕೆನಡಾದ ಕಡೆಗೆ ಹೊರಟಿದ್ದರು. ಅವರಲ್ಲಿ ಐದು ಸಾವಿರಕ್ಕೂ ಮಿಕ್ಕಿದವರು ಜ್ವರಕ್ಕೆ ಬಲಿಯಾಗಿ, ಸೇಂಟ್ ಲಾರೆನ್ಸ್ ನದಿಯ ಗ್ರೋಸ್ ದ್ವೀಪದಲ್ಲೇ ಮಣ್ಣಾದರು. ಕ್ರಾಫರ್ಡ್ ಕುಟುಂಬ ಹಾಗೆ ಹಸಿದು ಓಡಿಬಂದದ್ದಲ್ಲ. ವಿದ್ಯೆಯೂ ವೃತ್ತಿಯೂ ಇದ್ದ ಮನೆತನವದು. ಹೊಸ ನಾಡು ಅವರನ್ನೂ ಸುಮ್ಮನೆ ಬಿಡಲಿಲ್ಲ.

1857ರ ಹೊತ್ತಿಗೆ ಅವರು ಇಂದಿನ ಒಂಟಾರಿಯೊ ಪ್ರಾಂತದ ಪೇಸ್ಲಿ ಎಂಬಲ್ಲಿದ್ದರು. ಸಾಗೀನ್ ಮತ್ತು ಟೀಸ್‌ವಾಟರ್ ನದಿಗಳು ಕೂಡುವ ಆ ಜಾಗ ಊರಾಗಿ ಆರೇಳು ವರ್ಷವಷ್ಟೇ ಆಗಿತ್ತು. ಸುತ್ತಲಿನ ಕಾಡಾದರೂ ಯಾರದೂ ಅಲ್ಲದ ಕಾಡಲ್ಲ. ಓಜಿಬ್ವೆ ಜನರಿಂದ 1836ರ ಒಪ್ಪಂದವೊಂದರಲ್ಲಿ ಸರ್ಕಾರ ಬರೆಸಿಕೊಂಡ ಸುಮಾರು 15 ಲಕ್ಷ ಎಕರೆಯ ಭಾಗವದು. ವಲಸಿಗರ ಶ್ರಮವನ್ನು ಕೊಂಡಾಡುವಾಗ ಈ ಸಂಗತಿಯನ್ನು ಮರೆಯುವುದು ಸುಲಭ.

ಪೇಸ್ಲಿಯಲ್ಲಿ ವೈದ್ಯವೃತ್ತಿಯಿಂದ ಹೊಟ್ಟೆ ತುಂಬುವುದೇ ಕಷ್ಟವಾಯಿತು. ಕೆಲವೇ ವರ್ಷಗಳಲ್ಲಿ ರೋಗಗಳು ಒಂದೊಂದಾಗಿ ಮಕ್ಕಳನ್ನು ಕೊಂಡೊಯ್ದವು. ದೊಡ್ಡ ಸಂಸಾರದಲ್ಲಿ ಕೊನೆಗೆ ಉಳಿದವರು ಮೂವರು: ಇಸಬೆಲ್ಲಾ, ತಂಗಿ ಎಮ್ಮಾ ನವೋಮಿ, ತಮ್ಮ ಸ್ಟೀಫನ್. ಇದರ ಮೇಲೆ, ಊರಿನ ಖಜಾಂಚಿಯಾಗಿದ್ದ ತಂದೆಯ ಲೆಕ್ಕದಲ್ಲಿ ಸಾರ್ವಜನಿಕ ಹಣ ಕಾಣೆಯಾಗಿ ಅಪವಾದ ಹುಟ್ಟಿತು. ಅಂಥ ಸಣ್ಣ ಊರಿನಲ್ಲಿ ಆ ಮೇಲೆ ತಲೆಯೆತ್ತಿ ನಡೆಯುವುದುಂಟೇ? 1861ರ ಸುಮಾರಿಗೆ ಕುಟುಂಬ ಪೇಸ್ಲಿಯನ್ನು ಬಿಟ್ಟಿತು.

ಮುಂದಿನ ಆಶ್ರಯ ಲೇಕ್‌ಫೀಲ್ಡ್. ವೈದ್ಯರಿಲ್ಲದ ಆ ಊರಿಗೆ ಕ್ರಾಫರ್ಡರನ್ನು ಕರೆಸಿಕೊಂಡವರು ಸ್ಟ್ರಿಕ್‌ಲ್ಯಾಂಡ್ ಮನೆತನದವರು. ವಲಸೆಯ ಬದುಕನ್ನು ಕುರಿತು ಪುಸ್ತಕಗಳನ್ನು ಬರೆದು ಆಗಲೇ ಹೆಸರಾಗಿದ್ದ ಕ್ಯಾಥರಿನ್ ಪಾರ್ ಟ್ರೇಲ್ ಅದೇ ಮನೆತನದವಳು. ಕಾಡಿನ ನಡುವೆ ಕುಳಿತು ಹೆಣ್ಣೊಬ್ಬಳು ಬರೆಯಬಹುದು, ಬರೆದದ್ದು ಅಚ್ಚಾಗಬಹುದು ಎಂಬುದನ್ನು ಬಾಲಕಿ ಇಸಬೆಲ್ಲಾ ಕಣ್ಣಾರೆ ಕಂಡದ್ದು ಇಲ್ಲಿಯೇ. ಶಾಲೆಗಿಂತ ಮನೆಯ ಓದೇ ಆಕೆಯನ್ನು ಬೆಳೆಸಿತು.

1869ರ ಸುಮಾರಿಗೆ ಕುಟುಂಬ ಹತ್ತಿರದ ಪೀಟರ್‌ಬರೊ ಪಟ್ಟಣಕ್ಕೆ ಬಂತು. 1873ರಲ್ಲಿ ಆಕೆಯ ‘ವಿನೋನಾ’ ಎಂಬ ಕಾದಂಬರಿ ಮಾಂಟ್ರಿಯಲ್‌ನ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಯಿತು. ಅದೇ ವರ್ಷದ ಕ್ರಿಸ್‌ಮಸ್ ಮುನ್ನಾದಿನ ಟೊರಾಂಟೊದ ಪತ್ರಿಕೆಯಲ್ಲಿ ಕವಿತೆಯೊಂದು ಬಂತು. ಎರಡು ವರ್ಷ ಕಳೆಯುವುದರೊಳಗೆ, 1875ರ ಜುಲೈಯಲ್ಲಿ ತಂದೆ ತೀರಿಕೊಂಡ. 1876ರ ಜನವರಿಯಲ್ಲಿ ಎಮ್ಮಾ ಕ್ಷಯಕ್ಕೆ ತುತ್ತಾದಳು. ತಮ್ಮ ದುಡಿಮೆಗಾಗಿ ದೂರದ ಉತ್ತರಕ್ಕೆ ಹೋಗಿದ್ದ. ತಾಯಿಯನ್ನು ಸಾಕುವ ಹೊಣೆ ಇಸಬೆಲ್ಲಾಳ ಲೇಖನಿಯ ಮೇಲೆ ಬಿತ್ತು.

ತಾಯಿ ಮಗಳು ಟೊರಾಂಟೊಗೆ ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸಿದರು. ಟೊರಾಂಟೊದ ದಿನಪತ್ರಿಕೆಗಳಿಗೆ ಕವಿತೆ, ನ್ಯೂಯಾರ್ಕಿನ ಜನಪ್ರಿಯ ಪತ್ರಿಕೆಗಳಿಗೆ ಕಥೆ: ಹೀಗೆ ಜೀವನ ಸಾಗಿತು. ಆಕೆಯ ಬಹಳಷ್ಟು ಕಥೆಗಳು ಸಂಪಾದನೆಗಾಗಿ ಬರೆದವು. ಹಾಗೆಯೇ ಓದಿಸಿಕೊಳ್ಳುತ್ತವೆ ಕೂಡ. ಕಾವ್ಯದ ಮಾತೇ ಬೇರೆ. 1884ರಲ್ಲಿ ತನ್ನದೇ ಖರ್ಚಿನಲ್ಲಿ ಆಕೆ ಒಂದು ಸಂಕಲನವನ್ನು ಅಚ್ಚುಹಾಕಿಸಿದಳು. ಬದುಕಿದ್ದಾಗ ಹೊರಬಂದ ಏಕೈಕ ಕವನಸಂಗ್ರಹವದು. ಲಂಡನ್ನಿನ ಪತ್ರಿಕೆಗಳಲ್ಲಿ ಒಳ್ಳೆಯ ವಿಮರ್ಶೆ ಬಂದವು. ಮಾರಾಟವಾದದ್ದು ಐವತ್ತು ಪ್ರತಿ.

‘ಮಾಲ್ಕಮ್ಸ್ ಕೇಟಿ’ ಇರುವುದು ಆ ಸಂಕಲನದಲ್ಲಿಯೇ. ನಮ್ಮ ಸರಳ ರಗಳೆಗೆ ಹತ್ತಿರವಾದ ಪ್ರಾಸರಹಿತ ಛಂದಸ್ಸಿನಲ್ಲಿ ಅದರ ಕಥೆ ಸಾಗುತ್ತದೆ. ಕೇಟಿಯ ತಂದೆ ಮಾಲ್ಕಮ್ ಒಂದು ಕಾಲದಲ್ಲಿ ತಾನೇ ನೇಗಿಲಿಗೆ ಹೆಗಲು ಕೊಟ್ಟು ನೆಲ ಗೆಯ್ದವನು, ಈಗ ಸಿರಿವಂತ. ಅವಳನ್ನು ಪ್ರೀತಿಸಿದ ಮ್ಯಾಕ್ಸ್ ತಾನೂ ಹಾಗೆಯೇ ನೆಲ ಗಳಿಸಲು ಕಾಡಿಗೆ ಹೋಗುತ್ತಾನೆ. ಆಸ್ತಿಯ ಮೇಲೆ ಕಣ್ಣಿಟ್ಟ ಆಲ್ಫ್ರೆಡ್ ನಡುವೆ ಬಂದು ಸುಳ್ಳು ಹೇಳುತ್ತಾನೆ. ಮರವೊಂದು ಮ್ಯಾಕ್ಸ್‌ನ ಮೇಲೆ ಉರುಳುತ್ತದೆ. ಕೊನೆಗೆ ಎಲ್ಲವೂ ಶುಭವಾಗುತ್ತದೆ. ನಿಜ ಹೇಳಬೇಕೆಂದರೆ ಕಥೆ ಸಾಮಾನ್ಯವಾದುದು. ಆದರೆ ಋತುವರ್ಣನೆಯ ಭಾಗಗಳಲ್ಲಿ ಗಾಳಿಯೂ ಸೂರ್ಯಚಂದ್ರರೂ ಮೂಲನಿವಾಸಿಗಳ ಉಡುಗೆ ತೊಟ್ಟು ಚಲಿಸತೊಡಗಿದೊಡನೆ ಕಾವ್ಯ ಎದ್ದು ನಿಲ್ಲುತ್ತದೆ. ಅಷ್ಟಾದಶ ವರ್ಣನೆಗಳನ್ನು ಓದಿದ ನಮಗೆ ಈ ಕ್ರಮ ಅಪರಿಚಿತವಲ್ಲ. ನೆಲ ಕಳೆದುಕೊಂಡವರು ಕಥೆಯೊಳಗೆ ಮನುಷ್ಯರಾಗಿ ಬರುವುದಿಲ್ಲ, ಉಪಮಾನಗಳಾಗಿ ಉಳಿಯುತ್ತಾರೆ. ಇದನ್ನು ಇಂದಿನ ಓದುಗ ಗಮನಿಸದೆ ಇರಲಾರ.

ದುಡಿದವನಿಗೆ ನೆಲ, ಕಾದವಳಿಗೆ ಮನೆ ಎಂಬ ಭರವಸೆಯ ಮೇಲೆ ಈ ಕಾವ್ಯ ನಿಂತಿದೆ. ತಾನೇ ನಂಬಲಾಗದ ಭರವಸೆಯನ್ನು ಆಕೆ ಹಾಡಿದಳೇ? ನನಗೆ ಹಾಗೆನ್ನಿಸುವುದಿಲ್ಲ. ಪೇಸ್ಲಿಯಲ್ಲಿ ಸಿಕ್ಕದ ಮನೆಯನ್ನು ಆಕೆ ಕಾವ್ಯದಲ್ಲಿ ಕಟ್ಟಿಕೊಂಡಳು. ಮಾಲ್ಕಮ್ ತನ್ನ ಕಷ್ಟದ ದಿನಗಳನ್ನು ನೆನೆಯುವಲ್ಲಿ ಇರುವ ಗಾಢತೆ ಸುಖಾಂತ್ಯದಲ್ಲಿ ಇಲ್ಲದಿರುವುದಕ್ಕೂ ಇದೇ ಕಾರಣವಿದ್ದೀತು.

1887ರ ಫೆಬ್ರವರಿ 12ರಂದು, ಟೊರಾಂಟೊದಲ್ಲಿ ಕಿರಾಣಿ ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ ಹೃದಯದ ಬೇನೆಯಿಂದ ಇಸಬೆಲ್ಲಾ ತೀರಿಕೊಂಡಳು. ಪೀಟರ್‌ಬರೊದ ಲಿಟ್ಲ್ ಲೇಕ್ ಸ್ಮಶಾನದಲ್ಲಿ ಆಕೆಯನ್ನು ಮಣ್ಣುಮಾಡಿದರು. ಹದಿಮೂರು ವರ್ಷ ಆ ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ. 1900ರಲ್ಲಿ ಅಲ್ಲಿ ಐರಿಷ್ ಮಾದರಿಯ ಕಲ್ಲಿನ ಶಿಲುಬೆಯೊಂದನ್ನು ನಿಲ್ಲಿಸಲಾಯಿತು. 1905ರಲ್ಲಿ ಜಾನ್ ಗಾರ್ವಿನ್ ಆಕೆಯ ಕವಿತೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ. ಅಪೂರ್ಣವಾಗಿ ಉಳಿದಿದ್ದ ಇನ್ನೊಂದು ದೀರ್ಘ ಕಾವ್ಯದ ಹಸ್ತಪ್ರತಿಯನ್ನು ಕವಯಿತ್ರಿ ಡೊರೊತಿ ಲಿವ್‌ಸೇ ಗುರುತಿಸಿದಳು. ‘ಹ್ಯೂ ಅಂಡ್ ಅಯಾನ್’ ಎಂಬ ಹೆಸರಿನಲ್ಲಿ ಅದು ಅಚ್ಚಾದದ್ದು 1977ರಲ್ಲಿ.