ನಾಡಿಲ್ಲದವರ ನಂಟ

ಉತ್ತರಧ್ರುವದ ಹಿಮದಲ್ಲಿ ದಾರಿ ಹುಡುಕಿದ ಸಾಹಸಿಯೆಂದು ನಾರ್ವೆಯ ಫ್ರಿತ್ಯೋಫ್ ನಾನ್ಸೆನ್ನನನ್ನು ಭೂಗೋಳದ ವಿದ್ಯಾರ್ಥಿಗಳು ಬಲ್ಲರು. ಅವನ ಹೆಸರು ಉಳಿಯಲು ಆ ಕೀರ್ತಿಯೊಂದೇ ಸಾಕಾಗಿತ್ತು. ಆದರೂ ಅರವತ್ತರ ಹೊಸ್ತಿಲಲ್ಲಿ ಅವನು ಹೊತ್ತುಕೊಂಡ ಹೊರೆ ಅದಕ್ಕಿಂತ ಭಾರವಾದುದು.

1861ರಲ್ಲಿ, ಇಂದು ಓಸ್ಲೋ ಎನ್ನಿಸಿಕೊಳ್ಳುವ ನಗರದ ಬಳಿ ಅವನು ಜನಿಸಿದನು. ಪ್ರಾಣಿಶಾಸ್ತ್ರವನ್ನು ಅಭ್ಯಾಸಮಾಡಿ, ನರಮಂಡಲದ ರಚನೆಯನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದನು. 1888ರಲ್ಲಿ ಐವರು ಸಂಗಡಿಗರೊಡನೆ ಗ್ರೀನ್‌ಲೆಂಡಿನ ಹಿಮಪ್ರಸ್ಥವನ್ನು ದಾಟಿದನು. ಜನವಸತಿಯಿದ್ದ ಪಶ್ಚಿಮತೀರವನ್ನು ಬಿಟ್ಟು ನಿರ್ಜನಪ್ರಾಯವಾದ ಪೂರ್ವತೀರದಿಂದ ಹೊರಟನು. ಹಿಂದಿರುಗಿದರೆ ಆಸರೆಯಿಲ್ಲ, ಮುಂದೆ ನಡೆದರೆ ಮಾತ್ರ ಬದುಕು. 1893ರಲ್ಲಿ ಫ್ರಾಂ ಎಂಬ ಹಡಗನ್ನು ಬೇಕೆಂದೇ ಹಿಮದಲ್ಲಿ ಸಿಲುಕಿಸಿ, ಸಾಗರದ ಸೆಳೆತಕ್ಕೆ ಒಪ್ಪಿಸಿದನು. 1895ರಲ್ಲಿ ಒಬ್ಬನೇ ಜೊತೆಗಾರನೊಡನೆ ಹಡಗನ್ನು ತೊರೆದು 86 ಡಿಗ್ರಿ ಉತ್ತರ ಅಕ್ಷಾಂಶವನ್ನು ಮೀರಿ ನಡೆದನು. ಅಷ್ಟು ಉತ್ತರಕ್ಕೆ ಅದುವರೆಗೆ ಯಾರೂ ಹೋದ ದಾಖಲೆಯಿರಲಿಲ್ಲ.

ಮೊದಲ ಮಹಾಯುದ್ಧ 1918ರಲ್ಲಿ ಮುಗಿದರೂ ಲಕ್ಷಾಂತರ ಯುದ್ಧಕೈದಿಗಳು ಪರದೇಶಗಳಲ್ಲಿಯೇ ಉಳಿದಿದ್ದರು. ಅವರನ್ನು ಊರು ಸೇರಿಸುವ ಕಾರ್ಯವನ್ನು ರಾಷ್ಟ್ರಸಂಘವು 1920ರಲ್ಲಿ ನಾನ್ಸೆನ್ನನಿಗೆ ವಹಿಸಿತು. ಸೋವಿಯತ್ ಸರ್ಕಾರ ರಾಷ್ಟ್ರಸಂಘವನ್ನು ಮಾನ್ಯಮಾಡಿರಲಿಲ್ಲ. ಆದರೆ ನಾನ್ಸೆನ್ನನ ಮಾತನ್ನು ನಂಬಿ ವ್ಯವಹರಿಸಲು ಒಪ್ಪಿತು. ಅವನ ಕೈಯಲ್ಲಿ ಹಣವಿರಲಿಲ್ಲ, ಹಡಗಿರಲಿಲ್ಲ. ಸರ್ಕಾರಗಳಿಂದ ಸಾಲ ಕೇಳಿದನು, ರೈಲುಗಳನ್ನೂ ಹಡಗುಗಳನ್ನೂ ಹೊಂದಿಸಿದನು, ರೆಡ್‌ಕ್ರಾಸಿನ ನೆರವನ್ನು ಬೇಡಿದನು. 1922ರ ಹೊತ್ತಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ತಮ್ಮ ಮನೆಯ ಬಾಗಿಲನ್ನು ಕಂಡರು.

ಈ ಯಶಸ್ಸಿನ ನಡುವೆಯೇ ಘೋರ ಸೋಲೊಂದು ಕಾದಿತ್ತು. 1921ರಲ್ಲಿ ವೋಲ್ಗಾ ನದಿಯ ಪ್ರಾಂತಗಳಲ್ಲಿ ಭೀಕರ ಕ್ಷಾಮ ತಲೆದೋರಿತು. ಜಗತ್ತಿನ ಒಂದು ಕಡೆ ಧಾನ್ಯ ಮಿಕ್ಕಿದೆ, ಹಡಗುಗಳು ಕೆಲಸವಿಲ್ಲದೆ ನಿಂತಿವೆ, ಇನ್ನೊಂದು ಕಡೆ ಮಕ್ಕಳು ಸಾಯುತ್ತಿದ್ದಾರೆ ಎಂದು ಅವನು ಜಿನೀವಾದ ಸಭೆಯಲ್ಲಿ ಅಂಗಲಾಚಿದನು. ಅನ್ನವಿತ್ತರೆ ಬೋಲ್ಷೆವಿಕರ ಆಳ್ವಿಕೆ ಬಲಗೊಂಡೀತೆಂಬ ಭೀತಿಯಿಂದ ಸರ್ಕಾರಗಳು ಕೈಬಿಗಿ ಹಿಡಿದವು. ಹಸಿದವರಿಗೆ ಸಿಕ್ಕ ಅನ್ನದ ಬಹುಪಾಲು ಹೂವರನ ನೇತೃತ್ವದ ಅಮೆರಿಕನ್ ಪರಿಹಾರ ಸಂಸ್ಥೆಯಿಂದ ಬಂದಿತು. ಯುರೋಪಿನ ಧರ್ಮಸಂಸ್ಥೆಗಳ ನೆರವನ್ನು ನಾನ್ಸೆನ್ ಒಗ್ಗೂಡಿಸಿದನು. ಅಷ್ಟರಲ್ಲಿ ಲಕ್ಷಾಂತರ ಜನ ಅಸುನೀಗಿದ್ದರು.

ಕ್ರಾಂತಿಯ ಬಳಿಕ ದೇಶಬಿಟ್ಟ ರಷ್ಯನ್ನರು ಪೌರತ್ವವನ್ನೂ ಕಳೆದುಕೊಂಡರು. ಯಾವ ಗಡಿಯೂ ಅವರಿಗೆ ತೆರೆಯದು. 1922ರಲ್ಲಿ ಅವರಿಗೆಂದು ರೂಪುಗೊಂಡ ರಹದಾರಿಯು ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಮುಂದೆ ಐವತ್ತಕ್ಕೂ ಹೆಚ್ಚು ಸರ್ಕಾರಗಳು ಅದನ್ನು ಮನ್ನಿಸಿದವು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್ ಮೊದಲಾದವರಿಗೂ ಅದು ಆಧಾರವಾಯಿತು. ಅದೇ ವರ್ಷ ನೊಬೆಲ್ ಶಾಂತಿ ಪುರಸ್ಕಾರ ಬಂದಾಗ ಆ ಹಣವನ್ನು ಪರಿಹಾರಕಾರ್ಯಕ್ಕೇ ತೊಡಗಿಸಿದನು.

ಆದರೆ ಅವನ ಎಲ್ಲ ನಿರ್ಣಯಗಳೂ ಮನಸ್ಸಿಗೆ ನೆಮ್ಮದಿ ಕೊಡುವಂಥವಲ್ಲ. ಗ್ರೀಸ್ ಮತ್ತು ತುರ್ಕಿಗಳ ಯುದ್ಧದ ನಂತರ ಪ್ರಜೆಗಳ ವಿನಿಮಯವನ್ನು ಅವನೂ ಸಲಹೆಮಾಡಿದನು. 1923ರ ಲೌಸಾನ್ ಒಪ್ಪಂದದಂತೆ ಮತವನ್ನೇ ಅಳತೆಗೋಲಾಗಿಸಿ ಹನ್ನೆರಡು ಲಕ್ಷದಷ್ಟು ಕ್ರೈಸ್ತರನ್ನೂ ನಾಲ್ಕು ಲಕ್ಷದಷ್ಟು ಮುಸ್ಲಿಮರನ್ನೂ ಹುಟ್ಟಿದ ನೆಲದಿಂದ ಬೇರ್ಪಡಿಸಲಾಯಿತು. ಅವರಲ್ಲಿ ಬಹುಮಂದಿ ಕ್ರೈಸ್ತರು ಆಗಲೇ ಓಡಿಬಂದಿದ್ದರೆಂಬುದು ನಿಜ. ಆದರೂ ನಿರಾಶ್ರಿತರ ಬಂಧುವೇ ಜನರನ್ನು ಬೇರುಕೀಳುವ ಒಪ್ಪಂದಕ್ಕೆ ಸಮ್ಮತಿಸಬೇಕಾಯಿತಲ್ಲ ಎಂಬ ವಿಷಾದ ಓದುಗನನ್ನು ಬಿಡದು. ಆರ್ಮೇನಿಯನ್ನರಿಗೆ ನೆಲೆ ಕಲ್ಪಿಸಲು ಅವನು ಹೂಡಿದ ಯೋಜನೆಗೆ ಸರ್ಕಾರಗಳು ಹಣ ಕೊಡಲಿಲ್ಲ.

1930ರಲ್ಲಿ ಅವನು ತೀರಿಕೊಂಡನು. ಅವನ ಹೆಸರಿನ ನಿರಾಶ್ರಿತರ ಕಚೇರಿಗೆ 1938ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. ಹಿಮದಲ್ಲಿ ಅವನು ಹಿಂದಿನ ದಾರಿಯನ್ನು ತಾನಾಗಿಯೇ ಮುಚ್ಚಿಕೊಂಡು ನಡೆದಿದ್ದನು; ಹಾಗೆ ಹಿಂದಿರುಗಲು ಮನೆಯೇ ಉಳಿಯದವರ ಪಾಡು ಅವನಿಗೆ ಅರ್ಥವಾದುದು ಆಶ್ಚರ್ಯವಲ್ಲ.