ಒಳಗಿನದನ್ನು ಕಾಣಿಸಿದ ರಾಂಟ್ಜನ್

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಎಕ್ಸ್‌ರೇ ತೆಗೆಯುವುದು ನನ್ನ ವೃತ್ತಿ. ನನಗೆ ಅನ್ನ ಕೊಟ್ಟ ವಿದ್ಯೆಯ ಮೂಲಪುರುಷ ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜನ್ ಅವರನ್ನು ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ನೆನೆಯುವುದು ನನ್ನ ಭಾಗ್ಯ.

ರಾಂಟ್ಜನ್ 1845ರ ಮಾರ್ಚ್ 27ರಂದು ಜರ್ಮನಿಯ ಲೆನ್ನೆಪ್‌ನಲ್ಲಿ ಹುಟ್ಟಿದರು. ತಂದೆ ಬಟ್ಟೆ ವ್ಯಾಪಾರಿ. ಮೂರನೆಯ ವಯಸ್ಸಿಗೆ ಕುಟುಂಬದೊಡನೆ ತಾಯಿಯ ನಾಡಾದ ಹಾಲೆಂಡಿಗೆ ಹೋದರು. ಯುಟ್ರೆಕ್ಟ್‌ನ ಶಾಲೆಯಲ್ಲಿ ಸಹಪಾಠಿಯೊಬ್ಬ ಮೇಷ್ಟರ ವ್ಯಂಗ್ಯಚಿತ್ರ ಬರೆದ. ಅವನ ಹೆಸರು ಹೇಳಲು ಒಪ್ಪದ ರಾಂಟ್ಜನ್‌ರನ್ನೇ ಶಾಲೆಯಿಂದ ಹೊರಹಾಕಿದರು. ಶಾಲೆಯ ಪ್ರಮಾಣಪತ್ರವಿಲ್ಲದೆ 1865ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಾಲಿಟೆಕ್ನಿಕ್ ಸೇರಿ, 1869ರಲ್ಲಿ ಡಾಕ್ಟರೇಟ್ ಪಡೆದರು. ಆ ಪ್ರಮಾಣಪತ್ರದ ಕೊರತೆಯಿಂದಲೇ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯ ಅವರಿಗೆ ಬೋಧಕ ಸ್ಥಾನ ಕೊಡಲಿಲ್ಲ. 1888ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಮುಂದೆ ಅದರ ಮುಖ್ಯಸ್ಥರೂ ಆದರು.

1895ರ ನವೆಂಬರ್ 8ರ ಸಂಜೆ. ಕಪ್ಪು ರಟ್ಟು ಸುತ್ತಿದ ಗಾಜಿನ ನಳಿಕೆಗೆ ವಿದ್ಯುತ್ ಹರಿಸಿದಾಗ, ದೂರದಲ್ಲಿದ್ದ ರಾಸಾಯನಿಕ ಲೇಪಿತ ಪರದೆ ಮಿನುಗಿತು. ಕಣ್ಣಿಗೆ ಕಾಣದ ಯಾವುದೋ ಕಿರಣ ರಟ್ಟನ್ನು ದಾಟಿ ಬರುತ್ತಿತ್ತು. ಅದರ ಗುಣ ಗೊತ್ತಿಲ್ಲದ್ದರಿಂದ ಎಕ್ಸ್ ಎಂದು ಕರೆದರು. ಡಿಸೆಂಬರ್ 22ರಂದು ಪತ್ನಿ ಬರ್ತಾ ಅವರ ಕೈಯ ಚಿತ್ರ ತೆಗೆದರು. ಮೂಳೆಗಳೂ ಬೆರಳಿನ ಉಂಗುರವೂ ಅದರಲ್ಲಿ ಮೂಡಿದವು.

ಈ ಕಿರಣ ರೋಗ ಹಿಡಿದುಕೊಡುವಂತೆಯೇ, ರೋಗವಲ್ಲದ್ದನ್ನೂ ತಿಳಿಸುತ್ತದೆ. ಹ್ಯಾಂಬರ್ಗ್‌ನ ವೈದ್ಯ ಆಲ್ಬರ್ಸ್-ಷೋನ್‌ಬರ್ಗ್ 1915ರಲ್ಲಿ ವರ್ಣಿಸಿದ ಆಸ್ಟಿಯೋಪಾಯ್ಕಿಲೋಸಿಸ್ ಎಂಬ ಅಪರೂಪದ ಸ್ಥಿತಿಯನ್ನೇ ನೋಡಿ. ಸುಮಾರು 50 ಸಾವಿರ ಜನರಲ್ಲಿ ಒಬ್ಬರಿಗೆ ಇರಬಹುದೆಂಬ ಅಂದಾಜಿದೆ. ಕೀಲುಗಳ ಹತ್ತಿರ ಮೂಳೆಯೊಳಗೆ ಅಕ್ಕಿಕಾಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ನೋಡಿದೊಡನೆ ಕ್ಯಾನ್ಸರ್ ಹರಡಿದೆಯೇನೋ ಎಂದು ಎದೆ ಧಸಕ್ಕೆನ್ನುತ್ತದೆ. ಆದರೆ ಚುಕ್ಕೆಗಳು ಎರಡೂ ಕಡೆ ಒಂದೇ ಬಗೆಯಲ್ಲಿದ್ದು, ಮೂಳೆ ಸ್ಕ್ಯಾನ್‌ನಲ್ಲಿ ಬೇರೇನೂ ಕಾಣದಿದ್ದರೆ, ವೈದ್ಯರು ಸಾಮಾನ್ಯವಾಗಿ ಧೈರ್ಯ ಹೇಳುತ್ತಾರೆ. ವಂಶದಲ್ಲಿ ಬರುವ ಇದಕ್ಕೆ ಔಷಧಿಯೂ ಬೇಡ, ಆಪರೇಷನ್ನೂ ಬೇಡ.

ನಮ್ಮ ಜಗಳೂರು ತಾಲ್ಲೂಕಿಗೆ ಈ ವಿವೇಚನೆ ಇನ್ನೊಂದು ರೀತಿಯಲ್ಲಿ ಬೇಕು. ಇಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಕಾಟ ಎಲ್ಲರಿಗೂ ಗೊತ್ತು. ಅಂಥ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಬೆನ್ನುಮೂಳೆ ಎಕ್ಸ್‌ರೇಯಲ್ಲಿ ಸೀಮೆಸುಣ್ಣದಂತೆ ಬೆಳ್ಳಗಾಗಿ ಕಾಣಬಹುದು. ಕೆಲವು ಕ್ಯಾನ್ಸರ್‌ಗಳಲ್ಲೂ ಮೂಳೆ ಹೀಗೆ ಬೆಳ್ಳಗಾಗುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿದ್ದರೆ ವೈದ್ಯರ ಲಕ್ಷ್ಯ ಫ್ಲೋರೈಡ್ ಕಡೆ ಹೋಗುತ್ತದೆ. ಇದು ನಿರಪಾಯದ ಸ್ಥಿತಿಯಲ್ಲ. ಕೀಲು ಬಿಗಿದು ಸೊಂಟ ಬಾಗುತ್ತದೆ. ಇದಕ್ಕೆ ಮೊದಲು ಮಾಡಬೇಕಾದದ್ದು ಕುಡಿಯುವ ನೀರು ಬದಲಿಸುವುದು. ಹಾಗಾಗಿ ಒಂದು ಫಿಲಂ ನೋಡಿ ಹೆದರಿ ಹೊಲ ಮಾರುವ ಮುನ್ನ ತಜ್ಞರಿಗೆ ತೋರಿಸಿ ಎಂದು ಊರಿನವರಲ್ಲಿ ಕೇಳಿಕೊಳ್ಳುತ್ತೇನೆ.

1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ರಾಂಟ್ಜನ್‌ರಿಗೆ ಸಂದಿತು. ಬಹುಮಾನದ ಹಣವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ತಮ್ಮ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. ಅದು ಎಲ್ಲರಿಗೂ ಸೇರಿದ್ದೆಂದು ನಂಬಿದ್ದರು. 1919ರಲ್ಲಿ ಬರ್ತಾ ತೀರಿಕೊಂಡರು. ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಉಳಿತಾಯವೂ ಕರಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರ್‌ನಿಂದ ಅವರು ನಿಧನರಾದರು.

ಲಾಭ ನೋಡದೆ ಅವರು ಬಿಟ್ಟುಕೊಟ್ಟ ಕಿರಣ ಇಂದು ಕೂಲಿಯವನ ಮೂಳೆಯನ್ನೂ ಸಾಹುಕಾರನ ಮೂಳೆಯನ್ನೂ ಒಂದೇ ರೀತಿ ತೋರಿಸುತ್ತಿದೆ. ಒಂದು ಶಾಲೆ ಹೊರಗೆ ಕಳಿಸಿದ ಹುಡುಗ ಲೋಕಕ್ಕೆ ಕೊಟ್ಟ ಕಾಣಿಕೆಯಿದು. ಹಿಂದಿನ ಬೆಂಚಿನಲ್ಲಿ ಕೂತ ನಮ್ಮ ಮಕ್ಕಳನ್ನು ಗುರುಗಳು ಈ ಮಾತು ನೆನೆದು ನೋಡಲಿ.